ಗಣಕನ ಗುಣವೂ ಶ್ರಾವಕನ ವ್ರತವೂ

ಭಗವಾನ್ ಮಹಾವೀರ ಸ್ವಾಮಿಯ ನಿರ್ವಾಣದ ಪುಣ್ಯದಿನವಾದ ದೀಪಾವಳಿಯ ಅಮಾವಾಸ್ಯೆಯಂದು ಉಮರಗಾ, ನಿಲಂಗಾ, ಉದಗೀರ ಪಟ್ಟಣಗಳ ಜೈನ ವ್ಯಾಪಾರಿಗಳ ಅಂಗಡಿಗಳಲ್ಲಿ ಹೊಸ ವಹಿಯ ಪೂಜೆ ನಡೆಯುವುದು ತಲೆತಲಾಂತರದಿಂದ ಬಂದ ರೂಢಿ. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿಯ ಮೊದಲ ಪುಟದಲ್ಲಿ ಸ್ವಸ್ತಿಕವನ್ನೂ ಶ್ರೀಕಾರವನ್ನೂ ಬರೆದು, ವೀರ ನಿರ್ವಾಣ ಸಂವತ್ಸರವನ್ನು ನಮೂದಿಸಿ, ಅಕ್ಷತೆಯಿಟ್ಟು ಕೈಮುಗಿಯುತ್ತಾರೆ. ಮನೆಮಾತು ಕನ್ನಡವಿರಲಿ, ಮರಾಠಿಯಿರಲಿ, ಮಾರವಾಡಿ ಅಥವಾ ಗುಜರಾತಿಯಿರಲಿ, ಈ ಒಂದು ವಿಧಿಯಲ್ಲಿ ಭೇದವಿಲ್ಲ. ಈಗ ಅನೇಕ ಅಂಗಡಿಗಳಲ್ಲಿ ವಹಿಯು ಪೂಜೆಗಷ್ಟೇ ಉಳಿದಿದೆ; ಲೆಕ್ಕವೆಲ್ಲ ಗಣಕಯಂತ್ರದ ಪಾಲಾಗಿದೆ. ಆದುದರಿಂದ ಮಣೆಯ ಮೇಲಿನ ವಹಿಯ ಪಕ್ಕದಲ್ಲಿ ಯಂತ್ರದ ಕೀಲಿಮಣೆಗೂ ಒಂದು ಕುಂಕುಮದ ಬೊಟ್ಟು ಬೀಳುತ್ತದೆ.

ವಹಿಯ ಪೂಜೆಯು ನಿಜವಾಗಿ ವಹಿ ಬರೆಯುವ ಕೈಗೆ ಕೊಟ್ಟ ಎಚ್ಚರಿಕೆಯಾಗಿತ್ತು. ಯಂತ್ರಕ್ಕೆ ಹಚ್ಚಿದ ಕುಂಕುಮ ಯಾರನ್ನು ಎಚ್ಚರಿಸುತ್ತದೆ? ಯಂತ್ರವು ನಿಯಮದಂತೆ ನಡೆಯುತ್ತದೆ, ಅದಕ್ಕೆ ಲೋಭವಿಲ್ಲ, ಅದು ಸುಳ್ಳು ಹೇಳುವುದಿಲ್ಲ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಮಾತು ನಿಜವೇ. ಆದರೆ ಆ ನಿಯಮವನ್ನು ಮಾಡಿದವರು ಯಾರು, ಅದು ಸೃಷ್ಟಿಯ ಸತ್ಯವೋ ಅಥವಾ ಹತ್ತು ಜನ ಕೂಡಿ ಒಪ್ಪಿಕೊಂಡ ಕಟ್ಟಳೆಯೋ ಎಂದು ಕೇಳುವವರು ವಿರಳ.

'ಗಣಕ' ಎಂಬ ಶಬ್ದವೇ ವಿಚಾರಕ್ಕೆ ಹಚ್ಚುವಂಥದು. ಇಂದು ಅದು ಯಂತ್ರದ ಹೆಸರು. ಸಾವಿರದ ಇನ್ನೂರು ವರ್ಷಗಳ ಹಿಂದೆ ಅದು ಮನುಷ್ಯನ ಹೆಸರಾಗಿತ್ತು. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಕ್ರಿ.ಶ. 814ರಿಂದ 878ರವರೆಗೆ ರಾಜ್ಯವಾಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಜೈನಾಚಾರ್ಯ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಿನ ಒಡೆಯರೆಂದು ಕರೆದುಕೊಳ್ಳುತ್ತಿದ್ದರು. ಆ ಲಟ್ಟಲೂರೇ ಇಂದಿನ ಲಾತೂರ ಎಂಬುದು ಇತಿಹಾಸಕಾರರ ಮತ. ನಿಲಂಗಾ ಮತ್ತು ಉದಗೀರ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದು, ಅನಂತರ ಉಸ್ಮಾನಾಬಾದಿಗೆ ಸೇರಿ, 1982ರಿಂದ ಲಾತೂರ ಜಿಲ್ಲೆಯಲ್ಲಿವೆ. ಉಮರಗಾ ಇಂದಿಗೂ ಆ ಉಸ್ಮಾನಾಬಾದಿನಲ್ಲಿಯೇ, ಅಂದರೆ ಈಗಿನ ಧಾರಾಶಿವ ಜಿಲ್ಲೆಯಲ್ಲಿಯೇ ಇದೆ. ಗಡಿಗಳು ಸರಿದಾಡಿದರೂ ಮಹಾವೀರಾಚಾರ್ಯರ ಆಶ್ರಯದಾತನ ಮನೆತನದ ಮೂಲ ಈ ಸೀಮೆಯದೇ ಎಂಬ ಅಭಿಮಾನಕ್ಕೆ ಅಡ್ಡಿಯಿಲ್ಲ. ಅವರ ಗ್ರಂಥವು 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆಯೂ, 1963ರಲ್ಲಿ ನೆರೆಯ ಸೋಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘದಿಂದ ಹಿಂದೀ ಅನುವಾದದೊಡನೆಯೂ, 2000ದಲ್ಲಿ ಹೊಂಬುಜದಿಂದ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆಯೂ ಪ್ರಕಟವಾಯಿತು. ಬಡ್ಡಿ, ಮಿಶ್ರಣ, ಚಿನ್ನದ ಬಣ್ಣ, ಪಾಲುಗಾರಿಕೆ ಇವೆಲ್ಲ ಅದರಲ್ಲಿ ಬರುವುದರಿಂದ ವ್ಯಾಪಾರಿಯಾದವನಿಗೆ ಅದು ಪರಕೀಯವೆನಿಸುವುದಿಲ್ಲ.

ಆ ಗ್ರಂಥದ ಆರಂಭದ ಅಧ್ಯಾಯದಲ್ಲಿಯೇ ಗಣಕನನ್ನು ಎಂಟು ಗುಣಗಳಿಂದ ಗುರುತಿಸಬೇಕೆಂದು ಹೇಳಿದೆ. ಲಘುಕರಣ ಅಂದರೆ ಚುರುಕಾಗಿ ಮಾಡುವುದು, ಊಹೆ, ಅಪೋಹ ಅಂದರೆ ಸಲ್ಲದ್ದನ್ನು ತಳ್ಳಿಹಾಕುವುದು, ಆಲಸ್ಯವಿಲ್ಲದಿರುವುದು, ಗ್ರಹಣ, ಧಾರಣ, ಉಪಾಯ, ಮತ್ತು ಅಂಕಗಳನ್ನು ವ್ಯಕ್ತಪಡಿಸುವ ಸಾಮರ್ಥ್ಯ. ಇವುಗಳಲ್ಲಿ ಚುರುಕು, ಆಲಸ್ಯವಿಲ್ಲದಿರುವಿಕೆ, ಧಾರಣ ಇವನ್ನು ಇಂದಿನ ಯಂತ್ರವು ಮನುಷ್ಯನಿಗಿಂತ ನೂರು ಪಾಲು ಹೆಚ್ಚು ಪಡೆದಿದೆ. ಆದರೆ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಈ ಎಂಟರಲ್ಲಿ 'ಸತ್ಯ' ಎಂಬುದು ಇಲ್ಲ. ಆಚಾರ್ಯರು ಅದನ್ನು ಮರೆತರೆಂದು ಯಾರೂ ಭಾವಿಸಲಾರರು. ಸತ್ಯವು ಗಣಿತದ ಗುಣವಲ್ಲ, ಅದು ವ್ರತ. ಅದರ ಸ್ಥಾನ ಬೇರೊಂದು ಶಾಸ್ತ್ರದಲ್ಲಿದೆ. ಲೆಕ್ಕದ ನಿಯಮ ಒಂದು, ಲೆಕ್ಕ ಮಾಡುವವನ ನಿಯಮ ಇನ್ನೊಂದು.

ಪಶ್ಚಿಮದಲ್ಲಿಯೂ ಕಥೆ ಹೀಗೆಯೇ ಇದೆ. 1936ರಲ್ಲಿ ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ಎಂಬ ತರುಣ ಗಣಿತಜ್ಞನು ಗಣನೆಯ ಸಿದ್ಧಾಂತಕ್ಕೆ ತಳಹದಿ ಹಾಕಿದಾಗ 'ಕಂಪ್ಯೂಟರ್' ಎಂಬ ಶಬ್ದಕ್ಕೂ ಲೆಕ್ಕ ಮಾಡುವ ಮನುಷ್ಯ ಎಂದೇ ಅರ್ಥವಿತ್ತು. ಚೌಕಳಿ ಹಾಳೆಯ ಮೇಲೆ, ಕೊಟ್ಟ ನಿಯಮವನ್ನು ಒಂದಿಷ್ಟೂ ಮೀರದೆ, ಒಂದು ಸಲಕ್ಕೆ ಒಂದು ಅಂಕಿಯನ್ನು ಬರೆಯುತ್ತ ಅಳಿಸುತ್ತ ಹೋಗುವ ಮುನೀಮನನ್ನು ಕಲ್ಪಿಸಿಕೊಂಡು, ಆ ಮುನೀಮನ ಜಾಗದಲ್ಲಿ ಯಂತ್ರವನ್ನು ಇಟ್ಟನು. ಅದೇ ಲೇಖನದಲ್ಲಿ ನಿಯಮಗಳ ಮಿತಿಯನ್ನೂ ಸಾಧಿಸಿ ತೋರಿಸಿದನು. ಆ ಸಾಧನೆಯಿಂದ ಹೊರಡುವ ಒಂದು ಪ್ರಸಿದ್ಧ ಫಲಿತವೆಂದರೆ, ಯಾವ ಲೆಕ್ಕದ ಕ್ರಮವನ್ನು ಕೊಟ್ಟರೂ ಅದು ಎಂದಾದರೂ ಮುಗಿಯುವುದೋ ಇಲ್ಲವೋ ಎಂದು ಎಲ್ಲ ಸಂದರ್ಭಗಳಲ್ಲಿ ಹೇಳಬಲ್ಲ ಒಂದೇ ಕ್ರಮ ಇರಲಾರದು. ನಿಯಮಗಳನ್ನೆಲ್ಲ ಅಳೆಯುವ ನಿಯಮವಿಲ್ಲವೆಂಬುದು ಯಂತ್ರದ ಹುಟ್ಟಿನೊಂದಿಗೇ ಬಂದ ತಿಳಿವಳಿಕೆ.

ಇನ್ನು ಕಟ್ಟಳೆಯ ವಿಷಯ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ಮಹಾವೀರಾಚಾರ್ಯರು ಹೇಳಿದರು. ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ರಾಶಿ ಹಾಗೆಯೇ ಉಳಿಯುವುದಲ್ಲವೇ ಎಂದು ವ್ಯವಹಾರದ ದೃಷ್ಟಿಯಿಂದ ಅದನ್ನು ಅರ್ಥಮಾಡಿಕೊಳ್ಳಬಹುದು. 1150ರ ಸುಮಾರಿಗೆ ಭಾಸ್ಕರಾಚಾರ್ಯರು ಅದನ್ನು 'ಖಹರ' ಎಂದು ಕರೆದು ಅನಂತವೆಂದರು. ಇಂದಿನ ಗಣಿತವು ಮಹಾವೀರಾಚಾರ್ಯರ ಮಾತನ್ನು ಒಪ್ಪುವುದಿಲ್ಲ. ಒಪ್ಪಬೇಕೆಂದು ಹಟ ಹಿಡಿಯುವುದು ಆಚಾರ್ಯರಿಗೆ ಮಾಡುವ ಗೌರವವೂ ಅಲ್ಲ. ಆದರೆ ಇಂದಿನ ಯಂತ್ರಗಳು ಏನು ಮಾಡುತ್ತವೆ? ದಶಾಂಶವುಳ್ಳ ಸಂಖ್ಯೆಗಳಿಗೆ 1985ರಲ್ಲಿ ಅಮೆರಿಕದ ಇಂಜಿನಿಯರುಗಳ ಸಂಸ್ಥೆಯೊಂದು ಗೊತ್ತುಪಡಿಸಿದ ಮಾನಕದ ಪ್ರಕಾರ ಉತ್ತರ 'ಅನಂತ'. ಪೂರ್ಣಾಂಕವಾದರೆ ಹೆಚ್ಚಿನ ತಂತ್ರಾಂಶಗಳು ತಪ್ಪೆಂದು ಕೂಗಿ ನಿಂತುಬಿಡುತ್ತವೆ. 1997ರಲ್ಲಿ ಅಮೆರಿಕದ ಯಾರ್ಕ್‌ಟೌನ್ ಎಂಬ ಯುದ್ಧನೌಕೆಯ ಯಂತ್ರದಲ್ಲಿ ಯಾರೋ ಒಂದು ಸೊನ್ನೆಯನ್ನು ತುಂಬಿದ್ದರಿಂದ ಇಂಥದೇ ಭಾಗಾಕಾರ ಬಂದು, ನೌಕೆಯು ಎರಡು ತಾಸಿಗೂ ಮಿಕ್ಕಿ ಸಮುದ್ರದಲ್ಲಿ ಚಲನೆಯಿಲ್ಲದೆ ನಿಂತಿತು. ಒಂದೇ ಪ್ರಶ್ನೆಗೆ ಇಷ್ಟು ಉತ್ತರಗಳು. ಪ್ರತಿಯೊಂದರ ಹಿಂದೆಯೂ ಮನುಷ್ಯರು ಕೂಡಿ ಮಾಡಿದ ತೀರ್ಮಾನವಿದೆ. (ಯಂತ್ರದ ಸೊನ್ನೆ ಮತ್ತು ಒಂದನ್ನು ಸ್ಯಾದ್ವಾದದ ಸಪ್ತಭಂಗಿಯೊಡನೆ ಹೋಲಿಸುವ ಬರಹಗಳು ಆಗಾಗ ಬರುತ್ತವೆ. ಅದು ಅವಸರದ ಹೋಲಿಕೆ. ಅದನ್ನು ಇಲ್ಲಿ ಬಿಡುವುದೇ ಲೇಸು.)

ಕಟ್ಟಳೆ ಬದಲಾದಂತೆ ಲೆಕ್ಕದ ರೂಪ ಬದಲಾಗುವುದನ್ನು ಈ ಗಡಿನಾಡು ಕಂಡಷ್ಟು ಬೇರೆ ನಾಡು ಕಂಡಿರಲಾರದು. ನಿಜಾಮರ ಕಾಲದಲ್ಲಿ ಉದಗೀರದ ಪೇಟೆಯಲ್ಲಿ ಹಾಲಿ ಸಿಕ್ಕಾ, ಸೋಲಾಪುರದ ಪೇಟೆಯಲ್ಲಿ ಇಂಗ್ಲಿಷರ ಕಲದಾರ. ನೂರು ಕಲದಾರಕ್ಕೆ ಹಾಲಿಯ 116 ರೂಪಾಯಿ 10 ಆಣೆ 8 ಪೈ ಎಂಬುದು ಗೊತ್ತಾದ ದರ. ಅಂದರೆ ಆರಕ್ಕೆ ಏಳು. ಎರಡೂ ಪೇಟೆಗಳೊಡನೆ ವ್ಯವಹರಿಸುವವನು ಪ್ರತಿಯೊಂದು ಬಾಬನ್ನೂ ಆರು-ಏಳರಲ್ಲಿ ತಿರುಗಿಸಬೇಕಾಗಿತ್ತು. ಮುಂದೆ 1957ರ ಏಪ್ರಿಲ್ 1ರಿಂದ ಹದಿನಾರು ಆಣೆಯ ರೂಪಾಯಿ ನೂರು ನಯೇ ಪೈಸೆಯಾಯಿತು; ಸೇರು-ಮಣಗಳು ಹೋಗಿ ಕಿಲೋ ಬಂದಿತು. ಯಂತ್ರದ ಒಳಗೆ ಲೆಕ್ಕ ನಡೆಯುವುದು ಎರಡರ ಆಧಾರದ ಮೇಲೆ. ಎಂಟಾಣೆ, ನಾಲ್ಕಾಣೆ, ಒಂದಾಣೆ ಇವೆಲ್ಲ ಅರ್ಧದ ಅರ್ಧಗಳಾದುದರಿಂದ ಅದರಲ್ಲಿ ನಿಖರವಾಗಿ ಕೂರುತ್ತವೆ. ಹತ್ತು ಪೈಸೆ ಕೂರುವುದಿಲ್ಲ. ಮೂರರಲ್ಲಿ ಒಂದು ಪಾಲನ್ನು ದಶಾಂಶದಲ್ಲಿ ಬರೆಯಲು ಹೋದರೆ ಮುಗಿಯದಿರುವಂತೆ, ಹತ್ತರಲ್ಲಿ ಒಂದು ಪಾಲು ಯಂತ್ರದ ಭಾಷೆಯಲ್ಲಿ ಮುಗಿಯುವುದೇ ಇಲ್ಲ. ಆದುದರಿಂದಲೇ ಒಳ್ಳೆಯ ಲೆಕ್ಕದ ತಂತ್ರಾಂಶಗಳು ರೂಪಾಯಿಯನ್ನು ಪೈಸೆಗಳಾಗಿಯೋ ಬೇರೆ ವಿಶೇಷ ಕ್ರಮದಲ್ಲಿಯೋ ಇಟ್ಟುಕೊಳ್ಳುತ್ತವೆ. ಅಜ್ಜಂದಿರ ಆಣೆಯ ಲೆಕ್ಕವು ಯಂತ್ರಕ್ಕೆ ಹೆಚ್ಚು ಒಗ್ಗುತ್ತಿತ್ತೆಂಬುದು ನಗೆ ತರಿಸುವ ಸಂಗತಿ.

ಐವತ್ತು ಪೈಸೆಯ ಕಥೆ ಇನ್ನೂ ಸ್ವಾರಸ್ಯವಾದುದು. ತೆರಿಗೆ 1002 ರೂಪಾಯಿ 50 ಪೈಸೆ ಎಂದು ಬಂದರೆ ಎಷ್ಟು ಕಟ್ಟಬೇಕು? 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 170ನೆಯ ಕಲಮಿನ ಪ್ರಕಾರ ಐವತ್ತು ಪೈಸೆ ಅಥವಾ ಹೆಚ್ಚಿದ್ದರೆ ಮೇಲಿನ ರೂಪಾಯಿ, ಅಂದರೆ 1003. ಮೇಲೆ ಹೇಳಿದ 1985ರ ಮಾನಕದ ಸಾಮಾನ್ಯ ನಿಯಮದಂತೆ ಸರಿಯಾಗಿ ಅರ್ಧವಿದ್ದಾಗ ಸಮಸಂಖ್ಯೆಯ ಕಡೆಗೆ ಹೋಗಬೇಕು, ಅಂದರೆ 1002. ಯಾವಾಗಲೂ ಮೇಲಕ್ಕೆ ಹೋಗುವ ನಿಯಮದಲ್ಲಿ ಇಂತಹ ಹತ್ತು ಸಾವಿರ ಪಾವತಿಗಳಿಗೆ ಐದು ಸಾವಿರ ರೂಪಾಯಿ ಹೆಚ್ಚಾಗುತ್ತದೆ. ಸಮಸಂಖ್ಯೆಯ ನಿಯಮದಲ್ಲಿ ಮೇಲೆ ಹೋದದ್ದೂ ಕೆಳಗೆ ಬಂದದ್ದೂ ಹೆಚ್ಚುಕಡಿಮೆ ಸರಿದೂಗುತ್ತವೆ. ಎರಡೂ ಸುಳ್ಳಲ್ಲ. ಎರಡೂ ಬಹಿರಂಗವಾಗಿ ಬರೆದಿಟ್ಟ ನಿಯಮಗಳು. ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಗೊತ್ತಿರುವಂಥವು.

ಗೊತ್ತಿಲ್ಲದಂತೆ ನಿಯಮ ಮಾಡಿದರೆ ಏನಾಗುತ್ತದೆ? ಅಡತ್ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳೋಣ. ರೈತನ ತೊಗರಿಯ ಚೀಲಗಳು ವಿದ್ಯುನ್ಮಾನ ತಕ್ಕಡಿಯ ಮೇಲೆ ಏರುತ್ತವೆ. ತಕ್ಕಡಿಗೆ ಸರಕಾರದ ಮುದ್ರೆಯಿದೆ, ತೂಕ ಸರಿಯಾಗಿದೆ. ತೂಕವು ನೇರವಾಗಿ ಗಣಕಕ್ಕೆ ಹೋಗಿ ಪಟ್ಟಿ ಹೊರಬರುತ್ತದೆ. ಆದರೆ ತಂತ್ರಾಂಶದಲ್ಲಿ ಒಂದು ಸಾಲಿನ ಏರ್ಪಾಡು ಇದೆ: ಪ್ರತಿ ಚೀಲದಲ್ಲಿ ಕಿಲೋದ ಮೇಲಿನ ಗ್ರಾಂಗಳನ್ನು ಬಿಟ್ಟುಬಿಡು. ಸರಾಸರಿ ಅರ್ಧ ಕಿಲೋ ಹೋದರೂ ಇನ್ನೂರು ಚೀಲಕ್ಕೆ ಒಂದು ಕ್ವಿಂಟಲ್ ತೊಗರಿ ಲೆಕ್ಕದಿಂದ ಮಾಯವಾಗುತ್ತದೆ. ತಕ್ಕಡಿಯವನು ಕೈಚಳಕ ಮಾಡಲಿಲ್ಲ, ಮುನೀಮನು ಸುಳ್ಳು ಬರೆಯಲಿಲ್ಲ, ಯಜಮಾನನು ಗಲ್ಲೆಯ ಮೇಲೆ ಕುಳಿತು ಣಮೋಕಾರ ಜಪಿಸುತ್ತಿದ್ದಾನೆ. ಯಂತ್ರವು ಹೇಳಿದಂತೆ ಮಾಡಿತು. ಪಾಪ ಯಾರಿಗೆ ಸೇರಿತು?

ದಿಗಂಬರ-ಶ್ವೇತಾಂಬರರಿಬ್ಬರೂ ಪ್ರಮಾಣವೆಂದು ಒಪ್ಪುವ ಉಮಾಸ್ವಾತಿ ಆಚಾರ್ಯರ 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯವು ಅಣುವ್ರತಗಳ ಅತಿಚಾರಗಳನ್ನು ಒಂದೊಂದಾಗಿ ಹೇಳುತ್ತದೆ. ಅಚೌರ್ಯದ ಅತಿಚಾರಗಳಲ್ಲಿ ಒಂದು 'ಹೀನಾಧಿಕಮಾನೋನ್ಮಾನ', ಕೊಡುವಾಗ ಕಡಿಮೆ ತೂಕ, ಕೊಳ್ಳುವಾಗ ಹೆಚ್ಚು ತೂಕ. ಸತ್ಯದ ಅತಿಚಾರಗಳಲ್ಲಿ ಒಂದು 'ಕೂಟಲೇಖಕ್ರಿಯೆ', ಖೊಟ್ಟಿ ಬರಹ. ಕಬ್ಬಿಣದ ಬಟ್ಟು ಮತ್ತು ತಾಳೆಗರಿಯ ಕಾಲದಲ್ಲಿ ಹೇಳಿದ ಈ ಹೆಸರುಗಳಲ್ಲಿ ಸಲಕರಣೆಯ ಪ್ರಸ್ತಾಪವೇ ಇಲ್ಲ. ಆದುದರಿಂದ ಸಲಕರಣೆ ಬದಲಾದರೂ ಅವು ಹಳತಾಗಲಿಲ್ಲ. ಅದೇ ಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಪ್ರಶ್ನೆಗೆ ಉತ್ತರವೂ ಇದೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು: ಮಾಡಬೇಕೆಂಬ ಸಂಕಲ್ಪ, ಸಲಕರಣೆಯ ಸಿದ್ಧತೆ, ಮಾಡಲು ತೊಡಗುವುದು. ಮನ-ವಚನ-ಕಾಯ ಎಂದು ಮೂರು. ಕೃತ, ಕಾರಿತ, ಅನುಮತ ಎಂದು ಮೂರು: ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು. ಕ್ರೋಧ-ಮಾನ-ಮಾಯಾ-ಲೋಭ ಎಂದು ನಾಲ್ಕು. ಗುಣಿಸಿದರೆ 108. ಜಪಮಾಲೆಯ ಮಣಿಗಳನ್ನು ಈ 108ರೊಡನೆ ಜೋಡಿಸಿ ಹೇಳುವುದುಂಟು.

ಈ ಲೆಕ್ಕದಲ್ಲಿ ಯಂತ್ರಕ್ಕೆ ಸ್ಥಾನವಿಲ್ಲ, ಏಕೆಂದರೆ ಅದಕ್ಕೆ ಕಷಾಯವಿಲ್ಲ. ಕಷಾಯವಿಲ್ಲದ್ದಕ್ಕೆ ಬಂಧವೂ ಇಲ್ಲ. ಆದರೆ ಏರ್ಪಾಡು ಬರೆದ ತಂತ್ರಜ್ಞನಿಗೆ ಕೃತ, ಬರೆಯಿಸಿದ ಯಜಮಾನನಿಗೆ ಕಾರಿತ, ತಿಳಿದೂ ಪಟ್ಟಿ ಹರಿದುಕೊಟ್ಟ ಮುನೀಮನಿಗೆ ಅನುಮತ. ಯಾರೂ ತಪ್ಪಿಸಿಕೊಳ್ಳಲಿಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರು ಕಂಪನಿಯು ಹೊಗೆಯ ತಪಾಸಣೆ ನಡೆಯುವಾಗ ಮಾತ್ರ ಶುದ್ಧವಾಗಿ ಓಡುವಂತೆ, ಬೇರೆ ಹೊತ್ತಿನಲ್ಲಿ ವಿಷವನ್ನು ಉಗುಳುವಂತೆ ತಂತ್ರಾಂಶವನ್ನು ಬರೆಯಿಸಿ, ಜಗತ್ತಿನಾದ್ಯಂತ ಸುಮಾರು ಒಂದು ಕೋಟಿ ಹತ್ತು ಲಕ್ಷ ವಾಹನಗಳಲ್ಲಿ ಇರಿಸಿದ್ದು 2015ರಲ್ಲಿ ಬಯಲಾಯಿತು. 2017ರಲ್ಲಿ ಅಮೆರಿಕದ ನ್ಯಾಯಾಲಯವು ಒಬ್ಬ ಇಂಜಿನಿಯರನಿಗೆ 40 ತಿಂಗಳ, ಒಬ್ಬ ಮೇಲಧಿಕಾರಿಗೆ 7 ವರ್ಷಗಳ ಸೆರೆವಾಸವನ್ನು ವಿಧಿಸಿತು. ಮಾಡಿದವನಿಗಿಂತ ಮೇಲಿನವನಿಗೆ ಹೆಚ್ಚು ಬಂದಿತಾದರೂ, ಹೇಳಿದಂತೆ ಮಾಡಿದೆ ಎಂಬ ಮಾತು ಮಾಡಿದವನನ್ನು ಉಳಿಸಲಿಲ್ಲ.

ಈ ಮೂರೂ ಊರುಗಳ ಶ್ರಾವಕರ ಮಕ್ಕಳು ಇಂದು ಪುಣೆ, ಹೈದರಾಬಾದ್, ಬೆಂಗಳೂರುಗಳಲ್ಲಿ ತಂತ್ರಾಂಶದ ಉದ್ಯೋಗದಲ್ಲಿದ್ದಾರೆ. ವೈದ್ಯರಿಗೆ, ವಕೀಲರಿಗೆ, ಲೆಕ್ಕ ಪರಿಶೋಧಕರಿಗೆ ಕಾನೂನಿನಿಂದ ಸ್ಥಾಪಿತವಾದ ಪರಿಷತ್ತುಗಳಿವೆ, ಪರವಾನಗಿ ಇದೆ, ತಪ್ಪಿದರೆ ಹೆಸರು ತೆಗೆದುಹಾಕುವ ಅಧಿಕಾರವಿದೆ. ತಂತ್ರಾಂಶ ಬರೆಯುವವರಿಗೆ ಭಾರತದಲ್ಲಿ ಅಂತಹದು ಇಲ್ಲ. ಅಮೆರಿಕದಲ್ಲಿ ನೆಲೆಯಿರುವ ಗಣಕ ವಿಜ್ಞಾನಿಗಳ ಸಂಘ ಎಸಿಎಂ 1992ರಲ್ಲಿಯೂ ಪರಿಷ್ಕರಿಸಿ 2018ರಲ್ಲಿಯೂ ವೃತ್ತಿಧರ್ಮದ ನಿಯಮಾವಳಿಯನ್ನು ಪ್ರಕಟಿಸಿದೆ. ಅದರಲ್ಲಿ ಸಮಾಜದ ಹಿತದ ಮಾತಿನ ನಂತರ ಕ್ರಮವಾಗಿ ಹಾನಿ ಮಾಡದಿರುವುದು, ಪ್ರಾಮಾಣಿಕತೆ, ಭೇದಭಾವ ಮಾಡದಿರುವುದು, ಪರರ ಕೃತಿಯನ್ನು ಗೌರವಿಸುವುದು, ಖಾಸಗಿ ವಿಷಯವನ್ನು ಕಾಪಾಡುವುದು, ಗುಟ್ಟನ್ನು ಉಳಿಸುವುದು ಬರುತ್ತವೆ. ಅಹಿಂಸೆ, ಸತ್ಯ, ಅಚೌರ್ಯದ ಕ್ರಮವನ್ನು ಬಾಲ್ಯದಿಂದ ಕೇಳಿದವರಿಗೆ ಇದು ಅಪರಿಚಿತವಲ್ಲ. ಕೊನೆಯ ಎರಡನ್ನೂ ಉಮಾಸ್ವಾತಿ ಆಚಾರ್ಯರು 'ರಹೋಭ್ಯಾಖ್ಯಾನ', 'ಸಾಕಾರಮಂತ್ರಭೇದ' ಎಂಬ ಹೆಸರಿನಿಂದ ಸತ್ಯಾಣುವ್ರತದ ಕೆಳಗೆ ಇಟ್ಟಿದ್ದಾರೆ. ಅಮೆರಿಕದವರು ಇದನ್ನು ಇಲ್ಲಿಂದ ಪಡೆದರೆಂದು ಹೆಮ್ಮೆಪಡುವ ಅಗತ್ಯವಿಲ್ಲ. ಪರರ ವಿಶ್ವಾಸವನ್ನು ಹೊತ್ತ ಯಾವ ವೃತ್ತಿಗೂ ಇದೇ ದಾರಿ ಎದುರಾಗುತ್ತದೆ. ಭೇದವಿರುವುದು ಬೇರೆ ಕಡೆ: ವೃತ್ತಿಯ ನಿಯಮಾವಳಿಗೆ ಸಹಿ ಹಾಕುತ್ತಾರೆ, ವ್ರತವನ್ನು ಗುರುಗಳ ಸಮಕ್ಷಮದಲ್ಲಿ ಸ್ವೀಕರಿಸುತ್ತಾರೆ; ಮೊದಲನೆಯದು ಉದ್ಯೋಗದ ಹೊತ್ತಿಗೆ, ಎರಡನೆಯದು ಇಪ್ಪತ್ತನಾಲ್ಕು ತಾಸಿಗೆ.

ಯಂತ್ರದ ಮೇಲಿನ ಅತಿಯಾದ ನಂಬಿಕೆಯೂ ಒಂದು ಕೇಡೇ. ಇಂಗ್ಲೆಂಡಿನ ಅಂಚೆ ಕಚೇರಿಗಳಲ್ಲಿ ಅಳವಡಿಸಿದ 'ಹೊರೈಜನ್' ಎಂಬ ಲೆಕ್ಕದ ತಂತ್ರಾಂಶವು ಇಲ್ಲದ ಕೊರತೆಯನ್ನು ತೋರಿಸಿತು. ಆ ದೇಶದ ನ್ಯಾಯಾಲಯಗಳಲ್ಲಿ ಯಂತ್ರವು ಸರಿಯಾಗಿ ನಡೆಯುತ್ತಿದೆಯೆಂದೇ ಊಹಿಸಿಕೊಳ್ಳುವ ಕಟ್ಟಳೆಯಿತ್ತು. ತಪ್ಪು ಇದೆಯೆಂದು ತೋರಿಸುವ ಭಾರ ಆರೋಪಿಯ ಮೇಲೆ ಬಿದ್ದಿತು. 1999ರಿಂದ 2015ರ ನಡುವೆ ಒಂಬೈನೂರಕ್ಕೂ ಹೆಚ್ಚು ಸಣ್ಣ ಅಂಚೆ ಕಚೇರಿಗಳ ನಿರ್ವಾಹಕರು ಕಳ್ಳತನದ, ಸುಳ್ಳು ಲೆಕ್ಕದ ಅಪರಾಧಿಗಳೆನಿಸಿದರು. ಕೆಲವರು ಸೆರೆಮನೆ ಕಂಡರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. 2024ರಲ್ಲಿ ಸಂಸತ್ತು ವಿಶೇಷ ಕಾನೂನನ್ನು ಮಾಡಿ ಆ ತೀರ್ಪುಗಳನ್ನು ರದ್ದುಗೊಳಿಸಬೇಕಾಯಿತು. ಅಪೋಹ, ಅಂದರೆ ಸಲ್ಲದ್ದನ್ನು ತಳ್ಳಿಹಾಕುವ ಗುಣವನ್ನು ಮಹಾವೀರಾಚಾರ್ಯರು ಗಣಕನಿಗೆ ಏಕೆ ವಿಧಿಸಿದರೆಂಬುದು ಇಂತಹ ಕಡೆ ತಿಳಿಯುತ್ತದೆ.

ಇದಕ್ಕೆ ವಿರುದ್ಧವಾದ ಕಥೆ ಉದಗೀರಕ್ಕೆ ದೂರವಲ್ಲದ ಹೈದರಾಬಾದಿನದು. 'ಸತ್ಯಂ' ಎಂಬ ಹೆಸರಿನ ಗಣಕ ಕಂಪನಿಯ ಅಧ್ಯಕ್ಷರು 2009ರ ಜನವರಿ 7ರಂದು, ಐದು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಇಲ್ಲದ ನಗದನ್ನು ಲೆಕ್ಕದಲ್ಲಿ ತೋರಿಸಿದ್ದಾಗಿ ಪತ್ರ ಬರೆದು ಒಪ್ಪಿಕೊಂಡರು. ಯಂತ್ರಗಳಿಗೂ ನಿಪುಣರಿಗೂ ಅಲ್ಲಿ ಕೊರತೆಯಿರಲಿಲ್ಲ. ಅನಂತರದ ವರ್ಷಗಳಲ್ಲಿ ಕಟ್ಟಳೆಗಳು ಬಿಗಿಯಾದವು. 2021ರಲ್ಲಿ ಹೊರಡಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮದಂತೆ, ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ತಾರೀಖಿನೊಡನೆ ದಾಖಲಿಸಬೇಕು. ಆ ದಾಖಲೆಯನ್ನು ನಿಲ್ಲಿಸಲು ಬರಬಾರದು.

ಹಳೆಯ ವಹಿಯಲ್ಲಿ ಇದು ಕಾನೂನಿಲ್ಲದೆಯೇ ನಡೆಯುತ್ತಿತ್ತು. ವಹಿಯ ಹಾಳೆ ಹರಿಯುವಂತಿರಲಿಲ್ಲ, ಅಂಕಿಯನ್ನು ಕೆರೆದು ಅಳಿಸುವಂತಿರಲಿಲ್ಲ. ತಪ್ಪಾದರೆ ಕೆಳಗಿನ ಅಂಕಿ ಓದಲು ಬರುವಂತೆ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ತಿದ್ದಿದವನು ಗುರುತು ಹಾಕುತ್ತಿದ್ದನು. ಪ್ರತಿಕ್ರಮಣದಲ್ಲಿಯೂ ಶ್ರಾವಕನು ಮಾಡುವುದು ಇದನ್ನೇ: ತಪ್ಪನ್ನು ಹೆಸರಿಟ್ಟು ಹೇಳುತ್ತಾನೆ, ಆಗಲೇ ಇಲ್ಲವೆಂದು ಅಳಿಸುವುದಿಲ್ಲ. ಜೈನ ಸಿದ್ಧಾಂತದಲ್ಲಿ ಚಿತ್ರಗುಪ್ತನಂತಹ ಲೆಕ್ಕಿಗನಿಲ್ಲ. ಕರ್ಮವು ಬರೆಯುವವನಿಲ್ಲದೆಯೇ ಅಂಟಿಕೊಳ್ಳುತ್ತದೆ. ಆದುದರಿಂದ ಅದರ ತಿದ್ದುಪಡಿಯ ದಾಖಲೆಯನ್ನು ನಿಲ್ಲಿಸುವ ಗುಂಡಿಯೂ ಇಲ್ಲ.

2023ರ ಆ ನಿಯಮವು ಕಂಪನಿಗಳಿಗೆ ಮಾತ್ರ. ಉದಗೀರದ ಅಡತ್ ಅಂಗಡಿಗೂ ನಿಲಂಗಾದ ಕಿರಾಣಿಗೂ ಉಮರಗಾದ ಬಟ್ಟೆಯ ಅಂಗಡಿಗೂ, ಕೊನೆಗೆ ಬಸದಿಯ ವಿಶ್ವಸ್ತ ಮಂಡಳಿಯ ಲೆಕ್ಕಕ್ಕೂ ಅದು ಅನ್ವಯಿಸುವುದಿಲ್ಲ. ಬಸದಿಗಳಲ್ಲಿ ಕಲಶಾಭಿಷೇಕದ ಸವಾಲು, ಶಾಶ್ವತ ಪೂಜೆಯ ನಿಧಿ, ಆಹಾರದಾನದ ಬಾಬುಗಳು ಈಗ ಗಣಕದಲ್ಲಿಯೇ ಏರುತ್ತವೆ. ಕೂಗಿದ ಸವಾಲು ಬಾಕಿ ಉಳಿದಾಗ ಆ ಸಾಲನ್ನು ಸದ್ದಿಲ್ಲದೆ ತೆಗೆದುಹಾಕುವ ಸೌಲಭ್ಯವೂ ಕೈಗೆಟಕುವಷ್ಟು ಹತ್ತಿರವಿದೆ. ತಿದ್ದುಪಡಿಯ ದಾಖಲೆಯನ್ನು ಇಟ್ಟುಕೊಳ್ಳುವ ಏರ್ಪಾಡು ಇಂದು ಮಾರಾಟದಲ್ಲಿರುವ ಪ್ರಮುಖ ಲೆಕ್ಕದ ತಂತ್ರಾಂಶಗಳಲ್ಲಿ ದೊರೆಯುತ್ತದೆ. ಅದನ್ನು ತೆರೆದರೆ ಹಿರಿಯ ಪದಾಧಿಕಾರಿಗಳ ಮೇಲೆ ಸಂಶಯಪಟ್ಟಂತಾಗುವುದೆಂಬ ಸಂಕೋಚ ಕೆಲವರಿಗೆ ಇರಬಹುದು. ಗೆರೆ ಎಳೆದು ಗುರುತು ಹಾಕುತ್ತಿದ್ದ ಅಜ್ಜಂದಿರಿಗೆ ಆ ಸಂಕೋಚವಿರಲಿಲ್ಲ. ಸರಕಾರದ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗುವುದಾದರೂ ಆ ಏರ್ಪಾಡನ್ನು ತೆರೆಯಲು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಬರುವ ದೀಪಾವಳಿಯ ಅಮಾವಾಸ್ಯೆಯಂದು, ಕೀಲಿಮಣೆಗೆ ಕುಂಕುಮ ಹಚ್ಚುವ ಮೊದಲು, ಎರಡು ನಿಮಿಷದ ಕೆಲಸ.